ಕೋಣೆ ಗುಂಯ್‌ಗುಡುತ್ತಿದೆಯೇ? ಬಾಸ್ ಹದಕ್ಕೆ ತರುವುದು ಹೀಗೆ

ಬಾಸ್ ಗಿಟಾರ್ ಒಂದು ಸ್ವರದಲ್ಲಿ ತೆಪ್ಪಗಿರುತ್ತದೆ, ಮುಂದಿನ ಸ್ವರಕ್ಕೆ ಇಡೀ ಕೋಣೆಯೇ ಗುಂಯ್ ಎನ್ನುತ್ತದೆ. ಡ್ರಮ್ಮಿಗೆ ಬಿದ್ದ ಪೆಟ್ಟು ಮುಗಿದರೂ ಅದರ ಬಾಲ ಉಳಿದು ಗಾಯಕರ ದನಿಯನ್ನು ಮುಚ್ಚುತ್ತದೆ. ಬಾಸ್, ಅಂದರೆ ಹಾಡಿನ ತಗ್ಗಿನ ಸದ್ದು, ಹೀಗೆ ಕೆಟ್ಟಾಗ ನಾವು ಬಯ್ಯುವುದು ಸ್ಪೀಕರನ್ನು. ತಪ್ಪು ಬಹುಪಾಲು ಕೋಣೆಯದು.

ಮೊದಲು ಅಳತೆ ಟೇಪು ಹಿಡಿಯಿರಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವಿನ ಅಂತರವನ್ನು ಎರಡು ಪಟ್ಟು ಮಾಡಿ, ಅದರಿಂದ 343ನ್ನು ಭಾಗಿಸಿ. 4 ಮೀಟರ್ ಉದ್ದದ ಕೋಣೆಗೆ ಸಿಗುವುದು ಸುಮಾರು 43 ಹರ್ಟ್ಸ್, ಅಂದರೆ ಸೆಕೆಂಡಿಗೆ 43 ಕಂಪನ. ಅಷ್ಟು ತಗ್ಗಿನ ಅಲೆ ಗೋಡೆಯಿಂದ ಗೋಡೆಗೆ ಬಡಿದು ತನ್ನ ಮೇಲೆ ತಾನೇ ಪೇರಿಕೊಳ್ಳುತ್ತದೆ. 86, 129 ಹರ್ಟ್ಸ್‌ನಲ್ಲೂ ಅದೇ ಕಥೆ. ಬಾಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್, ಪಕ್ಕದ್ದು 55. ಹಾಗಾಗಿಯೇ ಮೊದಲನೆಯದು ಊದಿಕೊಂಡು ಎರಡನೆಯದು ಸಪ್ಪಗೆ ಕೇಳುವುದು. ಅಗಲ, ಎತ್ತರಕ್ಕೂ ಇದೇ ಲೆಕ್ಕ. ಕೋಣೆ ಚೌಕವಾಗಿದ್ದರೆ ಎರಡು ಉತ್ತರ ಒಂದೇ ಬಂದು ಕಾಟ ಇಮ್ಮಡಿಯಾಗುತ್ತದೆ.

ಲೆಕ್ಕ ಕಿವಿಗೂ ಹೊಂದುತ್ತದೆಯೇ ನೋಡಬೇಕಲ್ಲ? ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ಸ್ಪೀಕರಿಗೆ ಜೋಡಿಸಿ, ವಾಲ್ಯೂಮ್ ಕಡಿಮೆ ಇಟ್ಟು 30ರಿಂದ 120 ಹರ್ಟ್ಸ್‌ವರೆಗೆ ಒಂದೊಂದೇ ಹರ್ಟ್ಸ್ ಏರಿಸಿ. ಸದ್ದು ಎಲ್ಲಿ ಒಮ್ಮೆಲೇ ಊದಿಕೊಂಡು ಕಪಾಟಿನ ಬಾಗಿಲು ಗಡಗಡ ಅಂದಿತೋ ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಳತೆಯ ಮೈಕ್ ಇದ್ದವರಿಗೆ ರೂಮ್ ಈಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶ ಇದನ್ನೇ ಗ್ರಾಫ್ ಆಗಿ ಬಿಡಿಸಿ ತೋರಿಸುತ್ತದೆ.

ಇನ್ನು ಜಾಗ ಬದಲಿಸುವ ಕೆಲಸ. ಇದಕ್ಕೆ ಬೆವರಷ್ಟೇ ಖರ್ಚು, ಫಲ ಮಾತ್ರ ಎಲ್ಲಕ್ಕಿಂತ ಹೆಚ್ಚು. ಮೂಲೆಯಲ್ಲಿಟ್ಟ ಸ್ಪೀಕರಿಗೆ ಎರಡು ಗೋಡೆ, ನೆಲ ಮೂರೂ ಸೇರಿ ಬಾಸ್ ಉಬ್ಬಿಸುತ್ತವೆ. ಅಲ್ಲಿಂದ ಈಚೆಗೆ ತನ್ನಿ. ನಿಮ್ಮ ಕುರ್ಚಿ ಹಿಂದಿನ ಗೋಡೆಗೆ ಆತುಕೊಂಡಿದ್ದರೆ ಮುಂದೆ ಎಳೆಯಿರಿ, ಏಕೆಂದರೆ ಗೋಡೆಯ ಬುಡದಲ್ಲೇ ಬಾಸಿನ ಒತ್ತಡ ಅತಿ ಹೆಚ್ಚು. ನಟ್ಟನಡುವೆಯೂ ಬೇಡ, ಅಲ್ಲಿ ಅದೇ 43 ಹರ್ಟ್ಸ್ ಮಾಯ! ಎದುರಿನ ಗೋಡೆಯಿಂದ ಕೋಣೆಯುದ್ದದ ಶೇ 38ರಷ್ಟು ದೂರ ಕೂರುವುದು ಒಳ್ಳೆಯ ಆರಂಭ. ಸಬ್‌ವೂಫರ್ (ತಗ್ಗಿನ ಸದ್ದಿಗೇ ಮೀಸಲಾದ ಸ್ಪೀಕರ್) ಇದ್ದರೆ ಒಂದು ತಮಾಷೆಯ ಉಪಾಯವಿದೆ. ಅದನ್ನೇ ನಿಮ್ಮ ಕುರ್ಚಿಯ ಮೇಲೆ ಕೂರಿಸಿ, ಬಾಸ್ ತುಂಬಿದ ಹಾಡು ಹಾಕಿ, ಗೋಡೆಯ ಗುಂಟ ಅಂಬೆಗಾಲಿಡುತ್ತ ಕೇಳಿ. ಎಲ್ಲ ಸ್ವರಗಳೂ ಒಂದೇ ತೂಕದಲ್ಲಿ ಕೇಳಿಸಿದ ಜಾಗ ಸಬ್‌ವೂಫರಿನದು. ಮನೆಯವರು ನಗುತ್ತಾರೆ, ನಗಲಿ.

ಸ್ಪೀಕರಿನ ಹಿಂದೆ ಗಾಳಿಯ ತೂತಿದ್ದರೆ, ಬಾಸ್ ತಗ್ಗಿಸಲು ಅದಕ್ಕೆ ಸಡಿಲವಾಗಿ ಫೋಮ್ ತುರುಕಿ ನೋಡಬಹುದು.

ಇಷ್ಟರ ಮೇಲೂ ಉಳಿದದ್ದನ್ನು ಹೀರಿಸಬೇಕು. ಇಲ್ಲಿ ನಾನೂ ಮೋಸಹೋದವನೇ: ಒಂದಿಡೀ ಗೋಡೆಗೆ ಎರಡಿಂಚಿನ ಫೋಮ್ ಹಾಳೆ ಅಂಟಿಸಿದ್ದೆ. ಹಾಡಿನ ಮಿಂಚು ಸತ್ತಿತು, ಬಾಸ್ ಕೂದಲೂ ಕೊಂಕಲಿಲ್ಲ. 43 ಹರ್ಟ್ಸ್ ಅಲೆಯ ಉದ್ದವೇ 8 ಮೀಟರ್. ಎರಡಿಂಚು ಅದಕ್ಕೆ ಯಾವ ಲೆಕ್ಕ? ಬೇಕಾದದ್ದು ದಪ್ಪ. ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ (ಕಲ್ಲಿನ ಇಲ್ಲವೇ ಗಾಜಿನ ಎಳೆಗಳ ಹಾಸು) ಪೇರಿಸಿ, ಉಸಿರಾಡುವಂಥ ಬಟ್ಟೆ ಹೊದಿಸಿ. 15 ಸೆಂಟಿಮೀಟರಿಗಿಂತ ತೆಳುವಾದದ್ದು ಬೇಡ. ಹಿಂದೆ ಗಾಳಿಗೆ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಕೆಲಸ ಮಾಡುವಾಗ ಕೈಗವಸು, ಮಾಸ್ಕ್ ಮರೆಯಬೇಡಿ, ಆ ಎಳೆಗಳು ವಿಪರೀತ ತುರಿಸುತ್ತವೆ. ಆದರೂ ಅತಿ ತಗ್ಗಿನ ಸದ್ದಿನಲ್ಲಿ ಇವು ಮಾಡುವುದು ಸ್ವಲ್ಪವೇ.

ಬೇರೆಬೇರೆ ಹರ್ಟ್ಸ್‌ನ ಸದ್ದನ್ನು ಏರಿಸಿ ಇಳಿಸುವ ಈಕ್ವಲೈಜರ್‌ಗೆ ಕೈ ಹಾಕುವುದು ಕಟ್ಟಕಡೆಗೆ. ಬರೆದಿಟ್ಟ ಸಂಖ್ಯೆಯ ಆಸುಪಾಸಿನಲ್ಲಷ್ಟೇ ಸದ್ದಿನ ಮಟ್ಟವನ್ನು 4ರಿಂದ 6 ಡೆಸಿಬಲ್ ತಗ್ಗಿಸಿ. ಮಾಯವಾದ ಸ್ವರವನ್ನು ಎತ್ತಲು ಮಾತ್ರ ಹೋಗಬೇಡಿ. 6 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಸುರಿಯಬೇಕು; ಗೋಡೆಯಿಂದ ಮರಳುವ ಅಲೆಯೂ ಅಷ್ಟೇ ಏರಿ ಅದನ್ನು ಮತ್ತೆ ನುಂಗುತ್ತದೆ.

ಎಲ್ಲ ಮುಗಿದ ದಿನ ಹಾಡು ತುಸು ಬಡಕಲು ಅನ್ನಿಸುತ್ತದೆ. ಊದಿದ ಬಾಸಿಗೆ ಒಗ್ಗಿದ ಕಿವಿ ಅದು, ಒಂದು ವಾರ ಯಾವ ನಾಬ್ ಅನ್ನೂ ತಿರುವಬೇಡಿ.