ಮಾಸ್ಕನ್ನು ಮೊದಲು ಕೈಯಲ್ಲೇ ಹಿಡಿಯುತ್ತೇನೆ

ಶಿರಸಿ ಸೀಮೆಯಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾದರೆ ನಮ್ಮ ತುರ್ತು ಚಿಕಿತ್ಸೆಗೆ ದಮ್ಮಿನವರು ಬರುವುದು ಹೆಚ್ಚಾಗುತ್ತದೆ. ಹಗಲು ಅಡಿಕೆ ಬೇಯಿಸುವ ಒಲೆಯ ಹೊಗೆ, ರಾತ್ರಿ ಸುಲಿಯಲು ಕೂತಲ್ಲಿ ಥಂಡಿ. ನಡುವೆ ಇನ್‌ಹೇಲರ್ ಮರೆತೇ ಹೋಗಿರುತ್ತದೆ. ಅಂಥದೊಂದು ಡಿಸೆಂಬರ್ ರಾತ್ರಿ ಸಿದ್ದಾಪುರದ ಕಡೆಯಿಂದ ಬಂದ ನಲವತ್ತರ ಆಸುಪಾಸಿನ ಮಹಿಳೆ ಮಂಚದ ಅಂಚಿಗೆ ಎರಡೂ ಕೈ ಊರಿ ಕೂತಿದ್ದರು; ಒಂದು ಉಸಿರಿಗೆ ಒಂದೇ ಶಬ್ದ ಹೊರಡುತ್ತಿತ್ತು. ಉಸಿರಿನ ನಾಳ ಸಡಿಲಿಸುವ ಸಾಲ್ಬುಟಮಾಲ್ ಮತ್ತು ಇಪ್ರಾಟ್ರೋಪಿಯಂ ನೆಬ್ಯುಲೈಸೇಶನ್ (ಔಷಧವನ್ನು ಮಂಜಿನಂತೆ ಉಸಿರಿನೊಳಗೆ ಕೊಡುವುದು), ಸ್ಟಿರಾಯ್ಡ್ ಔಷಧ ಹೈಡ್ರೊಕಾರ್ಟಿಸೋನ್, 20 ನಿಮಿಷದಲ್ಲಿ ರಕ್ತನಾಳಕ್ಕೆ 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, ಎಲ್ಲ ಕೊಟ್ಟ ಮೇಲೂ ಉಸಿರಾಟ ನಿಮಿಷಕ್ಕೆ 36ರಿಂದ ಇಳಿಯಲಿಲ್ಲ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ 42 (ಮಿ.ಮೀ. ಪಾದರಸ) ಎಂದು ಬಂದಾಗ ಕಿರಿಯ ವೈದ್ಯರು, "ನಾರ್ಮಲ್ ಇದೆಯಲ್ಲ ಸರ್" ಎಂದರು. ಅಷ್ಟು ವೇಗವಾಗಿ ಉಸಿರಾಡುವವರಲ್ಲಿ ಅದು 40ಕ್ಕಿಂತ ಸಾಕಷ್ಟು ಕೆಳಗಿರಬೇಕು. 42 ಎಂದರೆ ಎದೆಯ ಸ್ನಾಯುಗಳು ಸೋಲತೊಡಗಿವೆ ಎಂದರ್ಥ.

ಉಬ್ಬಸದಲ್ಲಿ ಕಷ್ಟವಿರುವುದು ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದರಲ್ಲಿ. ಹಳೆಯ ಗಾಳಿ ಒಳಗೇ ಉಳಿದು ಒತ್ತಡ ಕಟ್ಟಿಕೊಳ್ಳುತ್ತದೆ, ಆ ಒತ್ತಡವನ್ನು ಗೆದ್ದ ಮೇಲಷ್ಟೇ ಮುಂದಿನ ಉಸಿರು ಒಳಬರಬೇಕು. ಮುಖದ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಬೈಪ್ಯಾಪ್ ಯಂತ್ರ ಉಸಿರು ಬಿಡುವಾಗಲೂ ಸ್ವಲ್ಪ ಒತ್ತಡ ಉಳಿಸಿ ಆ ಹೊರೆಯನ್ನು ತಗ್ಗಿಸುತ್ತದೆ, ಎಳೆದುಕೊಳ್ಳುವಾಗ ಇನ್ನಷ್ಟು ಕೈಜೋಡಿಸುತ್ತದೆ. ಇದರ ಪುರಾವೆ ಗಟ್ಟಿಯಾಗಿಲ್ಲ; ಯುರೋಪ್ ಮತ್ತು ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು 2017ರ ಮಾರ್ಗಸೂಚಿಯಲ್ಲಿ ಉಬ್ಬಸಕ್ಕೆ ಇದನ್ನು ಬಳಸಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆದ್ದರಿಂದ ಇದನ್ನು ನಾನು ಔಷಧದ ಬದಲಿಗೆ ಬಳಸುವುದಿಲ್ಲ, ಔಷಧ ಹಿಡಿಯುವವರೆಗೆ ಸ್ನಾಯುಗಳಿಗೆ ಬಿಡುವು ಕೊಡಲು ಬಳಸುತ್ತೇನೆ.

ಈ ಯಂತ್ರ ಬಳಸಿದ ಮೊದಲ ಸಲ ನಾನೇ ಎಡವಿದ್ದೆ. ಬೇರೊಂದು ಆಸ್ಪತ್ರೆಯಲ್ಲಿದ್ದಾಗ ಒಬ್ಬ ಹುಡುಗನಿಗೆ ಮಾಸ್ಕಿನ ಪಟ್ಟಿ ಬಿಗಿದು ಒಮ್ಮೆಲೇ 15ರ ಒತ್ತಡ (ಸೆಂ.ಮೀ. ನೀರಿನ ಲೆಕ್ಕದಲ್ಲಿ) ಕೊಟ್ಟೆ. ಮುಳುಗುತ್ತಿರುವವನ ಬಾಯಿ ಮುಚ್ಚಿದಂತಾಗಿ ಅವನು ಮಾಸ್ಕ್ ಕಿತ್ತೆಸೆದ. ಸುಮ್ಮನಾಗಿಸಲು ನಿದ್ರೆಯ ಔಷಧ ಕೊಟ್ಟೆವು, ಕೊಡಬಾರದಿತ್ತು. ಅರ್ಧ ಗಂಟೆಯೊಳಗೆ ಗಂಟಲಿಗೆ ಟ್ಯೂಬ್ ಹಾಕಬೇಕಾಯಿತು.

ಆ ರಾತ್ರಿ ಹಾಗೆ ಮಾಡಲಿಲ್ಲ. ಮಹಿಳೆಗೆ ಪೂರ್ಣ ಎಚ್ಚರವಿದೆ, ವಾಂತಿಯಿಲ್ಲ, ಎಕ್ಸ್‌ರೇಯಲ್ಲಿ ಶ್ವಾಸಕೋಶ ಒಡೆದ ಲಕ್ಷಣವಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು, ಮಾಸ್ಕನ್ನು ಅವರ ಕೈಗೇ ಕೊಟ್ಟು, ಅದರ ಮೇಲೆ ನನ್ನ ಕೈ ಇಟ್ಟೆ. "ಅಕ್ಕ, ಬೇಡವೆನಿಸಿದರೆ ತೆಗೆಯಿರಿ, ನಾನು ಇಲ್ಲೇ ಇದ್ದೇನೆ" ಎಂದೆ. ಎಳೆಯುವಾಗ 8, ಬಿಡುವಾಗ 4ರಿಂದ ಆರಂಭಿಸಿದೆ. ನಾಲ್ಕೈದು ಉಸಿರಾದ ಮೇಲೆ ಅವರು ಮಾಸ್ಕನ್ನು ತಾವೇ ಒತ್ತಿ ಹಿಡಿದರು. ಆಗಷ್ಟೇ ಪಟ್ಟಿ ಕಟ್ಟಿದೆ. ಎಳೆಯುವಾಗಿನ ಒತ್ತಡವನ್ನು ಎರಡೆರಡಾಗಿ 12ಕ್ಕೆ ಏರಿಸಿದೆ, ಬಿಡುವಾಗಿನ 4ನ್ನು ಮುಟ್ಟಲಿಲ್ಲ. ನೆಬ್ಯುಲೈಸರನ್ನು ಕೊಳವೆಗೇ ಜೋಡಿಸಿ ಔಷಧ ಮುಂದುವರಿಸಿದೆ, ರಕ್ತದ ಆಮ್ಲಜನಕವನ್ನು ಶೇ. 93–95ರಲ್ಲಿ ಇರಿಸಿದೆ.

ಟ್ಯೂಬಿನ ಟ್ರೇಯನ್ನು ತೆರೆದೇ ಇಟ್ಟಿದ್ದೆವು. ಒಂದು ಗಂಟೆಯಲ್ಲಿ ಸುಧಾರಿಸದಿದ್ದರೆ, ಅಥವಾ ಮಂಪರು ಕವಿದರೆ, ಕಾಯುವುದಿಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಸೋತ ಉಸಿರನ್ನು ಆಂಬುಲೆನ್ಸಿನಲ್ಲಿ ಕಳಿಸುವಂತಿಲ್ಲ. ನಲವತ್ತು ನಿಮಿಷಕ್ಕೆ ಉಸಿರಾಟ 26ಕ್ಕೆ ಇಳಿಯಿತು, ಡೈಆಕ್ಸೈಡ್ 37 ಬಂತು. ಬೆಳಗಿನ ಜಾವ ನೀರು ಕುಡಿಸಲು ಮಾಸ್ಕ್ ತೆಗೆದಾಗ ಮೂಗಿನ ಏಣಿನ ಮೇಲೆ ಕೆಂಪು ಗೀರು ಮೂಡಿತ್ತು. ಅಲ್ಲೊಂದು ಹತ್ತಿಪಟ್ಟಿ ಇಡಲು ಗಡಿಬಿಡಿಯಲ್ಲಿ ಮರೆತಿದ್ದೆ. ಅದನ್ನು ಸವರಿಕೊಳ್ಳುತ್ತ ಅವರು ಒಂದೇ ಉಸಿರಿಗೆ, "ಮನೆಯಲ್ಲಿ ಅಡಿಕೆ ಹಂಡೆ ಇಳಿಸಿದರೋ ಇಲ್ಲವೋ ಕೇಳಿ" ಎಂದರು.