ಹೆಪಟೈಟಿಸ್ ಸಿ ಇದ್ದವರ ಕಬ್ಬಿಣದ ರಿಪೋರ್ಟನ್ನು ನಾನು ಓದುವ ರೀತಿ

"ಡಾಕ್ಟ್ರೇ, ಫೆರಿಟಿನ್ ಜಾಸ್ತಿ ಬಂದಿದೆ. ಮೈಯಲ್ಲಿ ಕಬ್ಬಿಣ ತುಂಬಿಕೊಂಡಿದೆಯಾ?" ಲಿವರ್ ಸೋಂಕಿನವರನ್ನು ನೋಡುವ ನನಗೆ ಈ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಆ ಒಂದು ಅಂಕಿ ನೋಡಿ ನಾನು ಉತ್ತರ ಹೇಳುವುದಿಲ್ಲ.

ಯಾಕೆ ಅಂದರೆ, ಫೆರಿಟಿನ್ ಲಿವರ್‌ನ ಜೀವಕೋಶಗಳ ಒಳಗೇ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್. ವೈರಸ್‌ನಿಂದ ಜೀವಕೋಶ ಒಡೆದರೆ ಅದು ರಕ್ತಕ್ಕೆ ಸೋರುತ್ತದೆ. ಉರಿಯೂತ ಇದ್ದರೂ ಏರುತ್ತದೆ. ಹಾಗಾಗಿ ನಾನು ಎಎಲ್‌ಟಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ನೋಡುತ್ತೇನೆ; ಲಿವರ್ ಜೀವಕೋಶಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ ಅದು. ಕಾಮಾಲೆ ಜೋರಾಗಿದ್ದಾಗ ಎಎಲ್‌ಟಿ ಸಾವಿರ ದಾಟಿದ್ದರೆ, ಆ ಹೊತ್ತಿನ ಫೆರಿಟಿನ್‌ನಿಂದ ಕಬ್ಬಿಣದ ಲೆಕ್ಕ ಹಾಕಲು ಆಗುವುದಿಲ್ಲ. ಲಿವರ್ ಸುಧಾರಿಸಿದ ಮೇಲೆ ಮತ್ತೆ ಮಾಡಿಸಲು ಹೇಳುತ್ತೇನೆ.

ಆದರೆ ಹೆಪಟೈಟಿಸ್ ಸಿ ವರ್ಷಗಟ್ಟಲೆ ಉಳಿದುಕೊಂಡವರಲ್ಲಿ ನಿಜವಾಗಿಯೂ ಕಬ್ಬಿಣ ಶೇಖರವಾಗಬಹುದು. ಇದರ ಹಿಂದೆ ಇರುವುದು ಹೆಪ್ಸಿಡಿನ್. ಲಿವರ್ ತಯಾರಿಸುವ, ಬರೀ 25 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನ್ ಇದು. ಕರುಳಿನ ಜೀವಕೋಶದಿಂದ ಕಬ್ಬಿಣ ರಕ್ತಕ್ಕೆ ಹೋಗಬೇಕಾದರೆ ಫೆರೋಪೋರ್ಟಿನ್ ಎಂಬ ಬಾಗಿಲನ್ನು ದಾಟಬೇಕು. ಹೆಪ್ಸಿಡಿನ್ ಆ ಬಾಗಿಲನ್ನು ಮುಚ್ಚುತ್ತದೆ. ಆರೋಗ್ಯವಂತರು ದಿನಕ್ಕೆ ಹೀರಿಕೊಳ್ಳುವುದು ಸುಮಾರು 1–2 ಮಿಲಿಗ್ರಾಂ ಅಷ್ಟೇ. ಹೆಚ್ಚಾದದ್ದನ್ನು ಬೇಕೆಂದಾಗ ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಒಳಗೆ ಬಿಡುವಾಗಲೇ ತಡೆಯಬೇಕು.

ಸಾಮಾನ್ಯವಾಗಿ ಸೋಂಕು ತಗುಲಿದರೆ ಹೆಪ್ಸಿಡಿನ್ ಏರುತ್ತದೆ. ರೋಗಾಣುವಿಗೆ ಕಬ್ಬಿಣ ಸಿಗದಂತೆ ಮಾಡುವ ಉಪಾಯ ಅದು. ಹೆಪಟೈಟಿಸ್ ಸಿಯಲ್ಲಿ ಉಲ್ಟಾ. ವೈರಸ್ ಜೀವಕೋಶದೊಳಗೆ ಆಕ್ಸಿಡೇಟಿವ್ ಒತ್ತಡ (ಜೀವಕೋಶಕ್ಕೆ ಹಾನಿ ಮಾಡುವ ರಾಸಾಯನಿಕ ಒತ್ತಡ) ಹೆಚ್ಚಿಸುತ್ತದೆ, ಆ ಒತ್ತಡ ಹೆಪ್ಸಿಡಿನ್ ತಯಾರಿಯನ್ನು ತಗ್ಗಿಸುತ್ತದೆ. ಕಬ್ಬಿಣ ಬೇಡವಾದಾಗಲೂ ಒಳಗೆ ಬರುತ್ತಲೇ ಇರುತ್ತದೆ. ಬಂದ ಕಬ್ಬಿಣ ಅದೇ ಒತ್ತಡವನ್ನು ಇನ್ನೂ ಹೆಚ್ಚಿಸಿ, ಲಿವರ್‌ನಲ್ಲಿ ಗಾಯದ ನಾರು ಕಟ್ಟಲು ನೆರವಾಗುತ್ತದೆ. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಸುತ್ತೇ. ಮುರಿಯಬೇಕಾದದ್ದೂ ಇದನ್ನೇ.

ಅದಕ್ಕೇ ನಾನು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಕೂಡ ಕೇಳುತ್ತೇನೆ. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನ ಎಷ್ಟು ಪಾಲು ಕಬ್ಬಿಣದಿಂದ ತುಂಬಿದೆ ಎಂಬ ಲೆಕ್ಕ ಇದು. ಅದು 45 ಶೇಕಡಾ ದಾಟಿದ್ದರೆ ಗಮನ ಕೊಡುತ್ತೇನೆ. ಆದರೆ ಟ್ರಾನ್ಸ್‌ಫೆರಿನ್ ತಯಾರಿಸುವುದೂ ಲಿವರೇ ಅಲ್ವಾ? ಸಿರೋಸಿಸ್ (ಗಾಯದ ನಾರು ತುಂಬಿ ಲಿವರ್ ಗಟ್ಟಿಯಾಗುವುದು) ಆಗಿದ್ದರೆ ಅದರ ಪ್ರಮಾಣವೇ ಇಳಿದು, ಸ್ಯಾಚುರೇಷನ್ ಸುಮ್ನೆ ಜಾಸ್ತಿ ಕಾಣಬಹುದು. ಅನುಮಾನ ಉಳಿದರೆ ಎಂಆರ್‌ಐನಲ್ಲಿ ಲಿವರ್‌ನ ಕಬ್ಬಿಣವನ್ನೇ ಅಳೆಯಬಹುದು.

ಸುಸ್ತು ಎಂದು ತಾವೇ ಐರನ್ ಮಾತ್ರೆ ತಿನ್ನುವವರನ್ನು ಮೊದಲು ನಿಲ್ಲಿಸುತ್ತೇನೆ. ಈ ಸೋಂಕಿನಲ್ಲಿ ಸುಸ್ತಿಗೆ ರಕ್ತಹೀನತೆಯೇ ಕಾರಣ ಆಗಬೇಕಿಲ್ಲ. ಹಾಗೆಂದು ಎಲ್ಲರಿಗೂ ಮಾತ್ರೆ ಬೇಡ ಎನ್ನುವುದೂ ತಪ್ಪು. ಸಿರೋಸಿಸ್ ಇರುವವರಿಗೆ ಅನ್ನನಾಳದ ಉಬ್ಬಿದ ರಕ್ತನಾಳಗಳಿಂದ ರಕ್ತ ಹೋಗಿ ನಿಜವಾದ ಕೊರತೆ ಬರಬಹುದು. ಹಿಮೋಗ್ಲೋಬಿನ್ ಇಳಿದಿದ್ದರೆ ರಕ್ತ ಎಲ್ಲಿಂದ ಹೋಗುತ್ತಿದೆ ಎಂದು ಹುಡುಕುತ್ತೇನೆ.

ಹಿಂದೆ ಕಬ್ಬಿಣ ಇಳಿಸಲು ರಕ್ತ ತೆಗೆಯುವ ಚಿಕಿತ್ಸೆಯನ್ನು ಕೆಲವೆಡೆ ಮಾಡುತ್ತಿದ್ದರು. ಈಗ ವೈರಸ್ಸನ್ನೇ ಹೊಡೆಯುವ ಮಾತ್ರೆಗಳಿವೆ. 8 ರಿಂದ 12 ವಾರದ ಕೋರ್ಸ್‌ನಲ್ಲಿ 95 ಶೇಕಡಾಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಆದ್ದರಿಂದ ಬಹುತೇಕರಿಗೆ ನಾನು ಕಬ್ಬಿಣದ ಹಿಂದೆ ಓಡುವುದಿಲ್ಲ, ವೈರಸ್‌ಗೆ ಚಿಕಿತ್ಸೆ ಕೊಡುತ್ತೇನೆ. ವೈರಸ್ ಹೋದ ಮೇಲೆ ಹೆಪ್ಸಿಡಿನ್ ಚೇತರಿಸಿಕೊಳ್ಳುತ್ತದೆ, ಫೆರಿಟಿನ್ ಇಳಿಯುತ್ತದೆ.

ಇಳಿಯದಿದ್ದರೆ ಮದ್ಯಪಾನ, ಫ್ಯಾಟಿ ಲಿವರ್, ವಂಶಪಾರಂಪರ್ಯ ಹೀಮೋಕ್ರೊಮಟೋಸಿಸ್ (ಕಬ್ಬಿಣವನ್ನು ಅತಿಯಾಗಿ ಹೀರಿಕೊಳ್ಳುವ ಕಾಯಿಲೆ) ಇವನ್ನು ವಿಚಾರಿಸುತ್ತೇನೆ. ಸಿರೋಸಿಸ್ ಆಗಿರುವವರಿಗೆ ಫೆರಿಟಿನ್ ಎಷ್ಟೇ ಚೆನ್ನಾಗಿ ಇಳಿದರೂ, ಲಿವರ್ ಕ್ಯಾನ್ಸರ್‌ಗಾಗಿ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವುದನ್ನು ಬಿಡಬೇಡಿ ಎಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ.