ವಾಟರ್ ಕೂಲಿಂಗ್ ಹಾಕಿಸುವ ಮುಂಚೆ ಒಂದು ಮಾತು

ಮಂಡ್ಯದ ಏಪ್ರಿಲ್ ಸೆಕೆಯಲ್ಲಿ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ವಾಟರ್ ಕೂಲಿಂಗ್ (ನೀರು ಹರಿಸಿ ತಣ್ಣಗಿಡುವ ವ್ಯವಸ್ಥೆ) ಹಾಕಿ ಓವರ್‌ಕ್ಲಾಕ್ ಮಾಡಿದವನ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸಿದವನ ಅನುಭವ ಇದು. ಫ್ಯಾನಿನಲ್ಲಿ 80 ಡಿಗ್ರಿ ಮುಟ್ಟುತ್ತಿದ್ದ ಕಾರ್ಡು 58ಕ್ಕೆ ಇಳಿಯಿತು. ಖುಷಿಯಲ್ಲಿ ಕ್ಲಾಕ್ (ಚಿಪ್ಪಿನ ವೇಗ) ಏರಿಸುತ್ತಾ ಹೋದೆ. ಸಿಕ್ಕಿದ್ದೆಷ್ಟು ಗೊತ್ತಾ? ಮೊದಲಿಗಿಂತ ಬರೀ 60 ಮೆಗಾಹರ್ಟ್ಜ್ ಜಾಸ್ತಿ!

ಯಾಕೆಂದರೆ ಅಡ್ಡ ನಿಂತಿದ್ದು ಬಿಸಿ ಅಲ್ಲ, ಪವರ್ ಲಿಮಿಟ್. ಇಷ್ಟು ವ್ಯಾಟ್, ಇಷ್ಟು ವೋಲ್ಟೇಜ್ ಅಂತ ಕಾರ್ಡಿನ ಬಯಾಸಿನಲ್ಲೇ (ಅದರೊಳಗೇ ಬರೆದಿಟ್ಟ ಸಾಫ್ಟ್‌ವೇರಿನಲ್ಲಿ) ಗೆರೆ ಎಳೆದಿರುತ್ತಾರೆ. ನೀರು ಅದನ್ನು ಬದಲಿಸಲ್ಲ. ವೋಲ್ಟೇಜ್ 10% ಏರಿಸಿದರೆ ಅದೇ ಕ್ಲಾಕಿನಲ್ಲೂ ಚಿಪ್ಪು ಸುಮಾರು 20% ಜಾಸ್ತಿ ಪವರ್ ತಿನ್ನುತ್ತದೆ, ಆ ಗೆರೆ ಇನ್ನೂ ಬೇಗ ಮುಟ್ಟುತ್ತದೆ. ಮತ್ತೆ, ನೀರಿನ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರು ರೂಮಿನ ಗಾಳಿಗಿಂತ ತಣ್ಣಗಾಗಲ್ಲ. ನಮ್ಮ ರೂಮೇ 36 ಡಿಗ್ರಿ ಅಲ್ವಾ!

ಮೆಮೊರಿ ಏರಿಸುವಾಗ ಹುಷಾರು. ಜಿಡಿಡಿಆರ್6ಎಕ್ಸ್ ಅನ್ನುವ ಬಗೆಯ ಮೆಮೊರಿ ಇರುವ ಕಾರ್ಡು ಕ್ರ್ಯಾಶ್ ಆಗದೆಯೇ, ತಪ್ಪಾಗಿ ತಲುಪಿದ ಡೇಟಾವನ್ನು ಮತ್ತೆ ಮತ್ತೆ ಕಳಿಸುತ್ತಾ ಸುಮ್ನೆ ಸ್ಲೋ ಆಗಬಹುದು. ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಬೆಂಚ್‌ಮಾರ್ಕ್ (ವೇಗ ಅಳೆದು ಸ್ಕೋರ್ ಕೊಡುವ ಪ್ರೋಗ್ರಾಮ್) ಓಡಿಸಿ. ಸ್ಕೋರ್ ಇಳಿಯಿತಾ? ಎರಡು ಹೆಜ್ಜೆ ಹಿಂದಕ್ಕೆ ಬನ್ನಿ.

ನಾನೀಗ ವೋಲ್ಟೇಜ್ ಸ್ವಲ್ಪ ಇಳಿಸಿಯೇ ಓಡಿಸುತ್ತಿದ್ದೇನೆ. ಫ್ಯಾನಿನ ಸದ್ದಿಲ್ಲ, ಮಧ್ಯಾಹ್ನ ಮಲಗುವ ಅಪ್ಪನ ಬೈಗುಳವೂ ಇಲ್ಲ.